ಬುಟ್ಟಿಯ ಬಳಿ ನಿಂತಿದ್ದ ಅಕ್ಕ

ಓದಿ: ವಿಮೋಚನಾಕಾಂಡ 2:1-10

ಕೂಸಾಗಿದ್ದ ಮೋಶೆಯನ್ನು ನೈಲ್ ನದಿಯ ಜೊಂಡಿನಲ್ಲಿ ಬಿಟ್ಟ ಕಥೆ ನಮ್ಮ ಧರ್ಮೋಪದೇಶದ ಮಕ್ಕಳಿಗೂ ಗೊತ್ತು. ಆದರೆ ದೂರದಲ್ಲಿ ನಿಂತು ಕಾಯುತ್ತಿದ್ದ ಅಕ್ಕನನ್ನು ನಾವು ಬೇಗ ಮರೆತುಬಿಡುತ್ತೇವೆ. ಫರೋಹನ ಮಗಳು ಬುಟ್ಟಿಯನ್ನು ತೆಗೆಸಿದಾಗ ಈ ಹುಡುಗಿ ಹೆದರಿ ಓಡಲಿಲ್ಲ. ಮುಂದೆ ಬಂದು, ಕೂಸಿಗೆ ಹಾಲೂಡಿಸಲು ಒಬ್ಬಳನ್ನು ಕರೆತರಲೇ ಎಂದು ಕೇಳಿದಳು. ಹೆತ್ತ ತಾಯಿಯನ್ನೇ ಕರೆತಂದಳು. ತಾಯಿಗೆ ಸಂಬಳವೂ ಸಿಕ್ಕಿತು. ಸಾಕುಮನೆಯಲ್ಲಿ ಬೆಳೆದ ಮೋಶೆ ಈಜಿಪ್ಟಿನ ಸಕಲ ವಿದ್ಯೆಗಳನ್ನೂ ಕಲಿತನೆಂದು ಪ್ರೇಷಿತರ ಕಾರ್ಯಕಲಾಪಗಳು (7:22) ತಿಳಿಸುತ್ತವೆ.

ಹರಿಹರದ ತುಂಗಭದ್ರೆಯಲ್ಲಿ ಬುಟ್ಟಿಗಳು ತೇಲಿಬರುವುದಿಲ್ಲ. ಮಕ್ಕಳು ರೈಲಿನಲ್ಲಿ ಬಂದಿಳಿಯುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿದ ಮಕ್ಕಳನ್ನೂ ಈ ಊರು ಕಂಡಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ, ಆಸರೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ತಪ್ಪು ಮಾಡಿದ ಆರೋಪವಿದ್ದರೆ ಬಾಲನ್ಯಾಯ ಮಂಡಳಿಯ ಮುಂದೆ. ಊಟ, ಬಟ್ಟೆ, ಮಲಗಲು ಜಾಗ ದೊರೆಯುತ್ತದೆ. ಶಾಲೆ ಮಾತ್ರ ತಪ್ಪಿಹೋಗುತ್ತದೆ. ಟಿ.ಸಿ. ರಾಣೆಬೆನ್ನೂರಿನಲ್ಲಿ, ಮಗು ದಾವಣಗೆರೆಯಲ್ಲಿ, ತರುವವರು ಯಾರು? ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೆಸರಾದ ಊರಿನಲ್ಲಿ ಒಂದು ಮಗು ಒಂದು ಕಾಗದಕ್ಕಾಗಿ ಪ್ರಾಥಮಿಕ ಶಾಲೆಯ ಗೇಟಿನ ಹೊರಗೆ ನಿಲ್ಲಬಾರದು.

ಕಾನೂನು ಮಗುವಿನ ಪಕ್ಷದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಓದು ನಿಂತುಹೋಗಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ಇಷ್ಟನ್ನು ಮುಖ್ಯೋಪಾಧ್ಯಾಯರ ಮುಂದೆ, ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಂದೆ, ವಿನಯದಿಂದ ಆದರೆ ಬಿಡದೆ ಹೇಳುವ ಒಬ್ಬರು ಬೇಕು. 14 ದಾಟಿದವರ ಪಾಡು ಇನ್ನೂ ಕಷ್ಟ. ಅವರಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯುಂಟು. ಸಂಜೆ ಗಣಿತ ಹೇಳಿಕೊಡುವ ನಿವೃತ್ತ ಶಿಕ್ಷಕರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ.

ಮಂಡಳಿಯ ಮುಂದೆ ಹೋಗಿಬಂದ ಹುಡುಗನೆಂದರೆ ನಾವು ಹಿಂಜರಿಯುತ್ತೇವೆ. ಮೋಶೆಯೂ ಒಬ್ಬ ಈಜಿಪ್ಟಿನವನನ್ನು ಕೊಂದು ಮಿದ್ಯಾನಿಗೆ ಓಡಿದವನೇ. ಟ್ಯೂರಿನ್ ನಗರದ ಸೆರೆಮನೆಗಳಲ್ಲಿ ಹುಡುಗರನ್ನು ಕಂಡ ಸಂತ ಜಾನ್ ಬೋಸ್ಕೋರವರು, ಹೊರಬಂದವರಿಗೆ ದಿಕ್ಕಿಲ್ಲದ್ದರಿಂದಲೇ ಅವರು ಮತ್ತೆ ಒಳಗೆ ಹೋಗುತ್ತಾರೆಂದು ಅರಿತು 1841ರಲ್ಲಿ ತಮ್ಮ ಸೇವೆ ಆರಂಭಿಸಿದರು. ನಮ್ಮ ಕಾಯ್ದೆಯೂ, 16 ದಾಟಿದವರ ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ, ಬಾಲ್ಯದ ತಪ್ಪು ಮುಂದಿನ ಬದುಕಿಗೆ ಅಡ್ಡಿಯಾಗಬಾರದೆನ್ನುತ್ತದೆ. ಅಂಥ ಮಗುವಿನ ಹೆಸರು, ಊರು, ಶಾಲೆಯನ್ನು ಪತ್ರಿಕೆಯಲ್ಲಾಗಲಿ ಇತರ ಮಾಧ್ಯಮದಲ್ಲಾಗಲಿ ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಆಡುವ ಮಾತಿಗೂ ಇದೇ ಎಚ್ಚರ ಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಹಾಗೆಂದು ಬಾಲಮಂದಿರದ ಮಗು ನಮ್ಮ ಕಾನ್ವೆಂಟಿನ ಬಾಗಿಲಿಗೆ ಬಂದಾಗ ಈ ತೀರ್ಪನ್ನು ತೋರಿಸಿ ಕಳುಹಿಸುವುದೇ? ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ನಮಗೆ ಅನ್ವಯಿಸುತ್ತದೆಯಲ್ಲ!

ಕುಟುಂಬಗಳಿಗೂ ಪಾತ್ರವಿದೆ. ಸಂತ ಜೋಸೆಫರನ್ನು ಸಾಕುತಂದೆ ಎಂದು ಗೌರವಿಸುವ ನಾವು, ಕಲ್ಯಾಣ ಸಮಿತಿಯ ಆದೇಶದ ಮೂಲಕ ಒಂದು ಮಗುವಿಗೆ ಪೋಷಕ ಕುಟುಂಬವಾಗಬಹುದು. ಇದು ದತ್ತು ಅಲ್ಲ. ಆದರೆ ಮಗುವಿನ ಓದಿನ ಹೊಣೆ ಪೋಷಕರದೇ. ಬಡತನದಿಂದ ಮಗುವನ್ನು ದೂರಮಾಡಲು ಹೊರಟ ವಿಧವೆ ತಾಯಿ ನಿಮ್ಮ ಬೀದಿಯಲ್ಲಿದ್ದರೆ, ಪ್ರಾಯೋಜಕತ್ವ ಯೋಜನೆಯ ವಿಷಯ ತಿಳಿಸಿ. ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಉಂಟು. ಮೋಶೆಯ ತಾಯಿಗೆ ಸಿಕ್ಕ ಸಂಬಳದಂತೆಯೇ ಇದು, ಸ್ವಂತ ಮಗುವನ್ನು ಸ್ವಂತ ಮನೆಯಲ್ಲೇ ಬೆಳೆಸಲು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ತುರ್ತಾದರೆ ಮಕ್ಕಳ ಸಹಾಯವಾಣಿ 1098.