ಹಸುಗಳು ಕಂದುಹಾಕುವ ಅಂಟುರೋಗ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಅಡಿಕೆ ತೋಟವುಳ್ಳ ಮನೆಗೆ ಹಟ್ಟಿಯೂ ಇರುವುದು ಹಿಂದಿನಿಂದ ಬಂದ ವಾಡಿಕೆ. ಗಬ್ಬದ ಹಸುವು ದಿನ ತುಂಬುವ ಮೊದಲೇ ಕಂದುಹಾಕಿದರೆ, ಅದು ಜಾರಿ ಬಿದ್ದಿತೆಂದೋ ಬೇರೊಂದು ದನ ಹಾಯ್ದಿತೆಂದೋ ಹೇಳಿ ಸುಮ್ಮನಾಗುವವರುಂಟು. ಆದರೆ ಐದು ತಿಂಗಳು ಕಳೆದ ಮೇಲೆ ಕಂದುಹಾಕಿ, ಮಾಸು ಬೀಳದೆ ಉಳಿದರೆ, ಅಂಟುರೋಗವನ್ನು ಶಂಕಿಸತಕ್ಕದ್ದು.

ಈ ರೋಗಕ್ಕೆ ಕಂದುರೋಗವೆಂದು ಹೆಸರು. ಇದರ ಕಾರಣವಾದ ಸೂಕ್ಷ್ಮಾಣುವನ್ನು ೧೮೯೭ರಲ್ಲಿ ಡೆನ್ಮಾರ್ಕಿನ ಬಾಂಗ್ ಎಂಬ ಪಶುವೈದ್ಯರು ಪ್ರಕಟಪಡಿಸಿದರು. ಬ್ರೂಸೆಲ್ಲಾ ಎಂಬ ಈ ಸೂಕ್ಷ್ಮಾಣುವು ಗರ್ಭಕೋಶದಲ್ಲಿ ನೆಲೆಸಿ, ಮಾಸಿಗೂ ಗರ್ಭಕೋಶಕ್ಕೂ ಇರುವ ಸಂಬಂಧವನ್ನು ಕೆಡಿಸುವುದು. ಪೋಷಣೆ ತಪ್ಪಿದ ಕಂದು ಹೊರಬೀಳುವುದು.

ಹೊರಬಿದ್ದ ಕಂದು, ಮಾಸು, ಸ್ರಾವ ಇವುಗಳಲ್ಲಿ ರೋಗಾಣುಗಳು ಅಸಂಖ್ಯ. ಬಿಸಿಲಿಗೆ ಅವು ಬೇಗ ಸಾಯುವುವು. ತಂಪಾದ ಒದ್ದೆ ನೆರಳಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಮಳೆಗಾಲದ ಹಟ್ಟಿಯೂ ತೋಟದ ನೆರಳೂ ಅವುಗಳಿಗೆ ಅನುಕೂಲವೇ. ಅಂತಹ ನೆಲದ ಹುಲ್ಲು ಮೇದ, ನೀರು ಕುಡಿದ, ಮಾಸನ್ನು ನೆಕ್ಕಿದ ಹಸುಗಳಿಗೆ ರೋಗ ತಗಲುವುದು. ನಾಯಿ, ಬೆಕ್ಕು, ನರಿಗಳು ಮಾಸನ್ನು ಎಳೆದೊಯ್ದು ನೆರೆಮನೆಗೂ ಹರಡುವುವು. ಕೆಲವೆಡೆ ಮಾಸನ್ನು ಹಾಲುಸುರಿವ ಮರಕ್ಕೆ ಕಟ್ಟುವ ಪದ್ಧತಿಯಿದೆ. ಕಂದುಹಾಕಿದ ಹಸುವಿನ ವಿಷಯದಲ್ಲಿ ಇದು ಸರ್ವಥಾ ಕೂಡದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದೊಂದಿದೆ. ಒಮ್ಮೆ ಕಂದುಹಾಕಿದ ಹಸುವು ಮುಂದಿನ ಸಲ ಸಾಮಾನ್ಯವಾಗಿ ದಿನ ತುಂಬಿ ಕರುಹಾಕುವುದು. ಒಡೆಯನು ರೋಗ ಹೋಯಿತೆಂದು ನಂಬುವನು. ವಾಸ್ತವದಲ್ಲಿ ರೋಗಾಣುಗಳು ಕೆಚ್ಚಲಿನಲ್ಲಿ ಉಳಿದು ಹಾಲಿನೊಡನೆಯೂ, ಪ್ರತಿ ಕರುಹಾಕುವಿಕೆಯ ಸ್ರಾವದೊಡನೆಯೂ ಹೊರಬರಬಹುದು. ಸಂಗತಿಯನ್ನು ಮರೆಮಾಡಿ ಅಂತಹ ಹಸುವನ್ನು ಮಾರುವುದೆಂದರೆ ಕೊಂಡವನ ಹಟ್ಟಿಗೆ ರೋಗವನ್ನು ಮಾರಿದಂತೆಯೇ.

ಮನುಷ್ಯರಿಗೂ ಇದು ಅಂಟುವುದು. ಬರಿಗೈಯಿಂದ ಮಾಸು ತೆಗೆಯುವವರಿಗೂ, ಕರೆದ ಹಾಲನ್ನು ಬಲಕರವೆಂದು ಹಸಿಯಾಗಿಯೇ ಕುಡಿಯುವವರಿಗೂ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಕಾಣಿಸಬಹುದು. ಇವರು ವೈದ್ಯರಿಗೆ ಹಟ್ಟಿಯ ಸಂಗತಿಯನ್ನೂ ತಿಳಿಸತಕ್ಕದ್ದು.

ಅನುಸರಿಸಬೇಕಾದ ಕ್ರಮಗಳು:

೧. ಕಂದುಹಾಕಿದ ಹಸುವನ್ನು ಒಡನೆ ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸುವುದು.

೨. ಕೈಚೀಲ ಧರಿಸದೆ ಕಂದನ್ನಾಗಲಿ ಮಾಸನ್ನಾಗಲಿ ಮುಟ್ಟದಿರುವುದು. ಅವನ್ನೂ ಹಾಸಿದ ಸೊಪ್ಪನ್ನೂ ಬಾವಿ, ತೋಡುಗಳಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಆ ಸೊಪ್ಪನ್ನು ತೋಟಕ್ಕೆ ಹಾಕಕೂಡದು.

೩. ಹಾಲನ್ನು ಚೆನ್ನಾಗಿ ಕುದಿಸಿಯೇ ಬಳಸುವುದು.

೪. ೪ರಿಂದ ೮ ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲೊಮ್ಮೆ ಲಸಿಕೆ ಹಾಕಿಸುವುದು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಸೇರಿದೆ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಈ ಲಸಿಕೆ ಸಲ್ಲದು.

ರೋಗ ತಗಲಿದ ಹಸುವನ್ನು ಪೂರ್ಣ ಗುಣಪಡಿಸುವ ನೆಚ್ಚತಕ್ಕ ಔಷಧವಿಲ್ಲ, ತಡೆಯುವುದೊಂದೇ ದಾರಿ. ಕಂದುಹಾಕಿದ ಸಂಗತಿಯನ್ನು ಹೇಳಿಕೊಳ್ಳುವುದು ಅವಮಾನವಲ್ಲವೆಂದು ಗ್ರಾಮದ ಮುಖ್ಯಸ್ಥರು ಜನರಿಗೆ ಮನಗಾಣಿಸಬೇಕು. ಮೊದಲನೆಯ ಹಟ್ಟಿಯವನು ಬಾಯಿಬಿಟ್ಟರೆ ಹತ್ತು ಹಟ್ಟಿಗಳು ಉಳಿಯುವುವು.