ಅಪ್ಪ ಒರೆಸುತ್ತಿದ್ದ ಕೆಂಪು ಕಾರು

ಪ್ರಶ್ನೆ: ನನಗೆ 57 ವರ್ಷ. ಸಕಲೇಶಪುರದ ಕಡೆಯವನು. ಇಂಗ್ಲೆಂಡಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಸಾಹುಕಾರರ ಹತ್ತಿರ ಎರಡೇ ಸೀಟಿನ, ಟಾಪು ಮಡಚುವ ಹಳೇ ಕೆಂಪು ಎಂಜಿ ಕಾರಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಒರೆಸುವ ಕೆಲಸ ಅಪ್ಪ ತಾವಾಗಿಯೇ ವಹಿಸಿಕೊಂಡಿದ್ದರು. ಹಳೇ ಪಂಚೆಯ ತುಂಡು ಹಿಡಿದು ನಾನೂ ಜೊತೆಗಿರುತ್ತಿದ್ದೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುವುದು ನನ್ನ ಪಾಲು. ಒಳಗೆ ಕೂರುವಂತಿರಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು.

ಈಗ ಮನೆಸಾಲ ತೀರಿದೆ, ಮಕ್ಕಳಿಬ್ಬರೂ ದುಡಿಯುತ್ತಿದ್ದಾರೆ. ಒಂದು ಸ್ಪೋರ್ಟ್ಸ್ ಕಾರು ಕೊಳ್ಳಲೆಂದು ಹಣ ಬೇರೆ ಎತ್ತಿಟ್ಟಿದ್ದೇನೆ. 1972ರ ಎಂಜಿಬಿ ಕೊಳ್ಳಲೋ, ಮೂರ್ನಾಲ್ಕು ವರ್ಷ ಓಡಿದ ಮಾಜ್ದಾ ಎಂಎಕ್ಸ್-5 ಕೊಳ್ಳಲೋ ತಿಳಿಯದೆ ಒಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ಮಾಜ್ದಾ ಒಳ್ಳೆಯ ಕಾರು, ತೊಂದರೆ ಕೊಡುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಜಾಹೀರಾತು ನೋಡುತ್ತಾ ಕೂರುತ್ತೇನೆ. ಹೆಂಡತಿ, “ಏನಾದ್ರೂ ಒಂದು ತಗೊಳ್ಳಿ, ಇಲ್ಲಾಂದ್ರೆ ಬಿಟ್ಟುಬಿಡಿ” ಅನ್ನುತ್ತಾಳೆ. ಊರಲ್ಲಿ ತಮ್ಮ ಮನೆಯ ಮಾಡು ರಿಪೇರಿಗೆ ಪರದಾಡುತ್ತಿದ್ದಾನೆ. ಇದು ಹೊಟ್ಟೆ ತುಂಬಿದವನ ಚಿಂತೆ ಎಂದು ನನಗೇ ನಾಚಿಕೆ. ಆದರೂ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ಆ ನಾಚಿಕೆಯನ್ನು ಪಕ್ಕಕ್ಕಿಡೋಣ. ಒಂದು ವರ್ಷ ನಿದ್ದೆಗೆಡಿಸಿದ ವಿಷಯ ಯಾವುದೇ ಇರಲಿ, ಅದು ಸಣ್ಣದಲ್ಲ. ಕಾರಿನ ವಿಷಯ ಎಂದು ಹೇಳಿಕೊಂಡರೆ ಜನ ನಕ್ಕಾರು ಎಂಬ ಅಂಜಿಕೆಯಿಂದ ಇದನ್ನು ನೀವು ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿಕೊಂಡಂತಿಲ್ಲ. ಹೇಳಿಕೊಳ್ಳದ ಆಸೆ ಒಳಗೇ ಭಾರವಾಗುತ್ತಾ ಹೋಗುತ್ತದೆ. ಕೈಹಿಡಿತದ ಮನೆಗಳಲ್ಲಿ ಬೆಳೆದವರಿಗೆ ಮಕ್ಕಳಿಗಾಗಿ, ತಂದೆ ತಾಯಿಗಾಗಿ, ಒಡಹುಟ್ಟಿದವರಿಗಾಗಿ ಖರ್ಚು ಮಾಡುವುದು ಗೊತ್ತು. ತನಗಾಗಿ ಒಂದು ಬೇಕು ಎಂದು ಬಾಯಿಬಿಟ್ಟು ಕೇಳುವ ಅಭ್ಯಾಸ ಮಾತ್ರ ಇರುವುದಿಲ್ಲ. ಆ ಅಭ್ಯಾಸವಿಲ್ಲದ ಮನಸ್ಸಿಗೆ ಅಪರೂಪಕ್ಕೆ ಒಂದು ಆಸೆ ಹುಟ್ಟಿದಾಗ ಅದು ತಪ್ಪು ಮಾಡಿದಂತೆಯೇ ಅನಿಸುತ್ತದೆ. ನೀವು ತಪ್ಪು ಮಾಡುತ್ತಿಲ್ಲ.

ನಿಮ್ಮ ಪತ್ರವನ್ನು ಮತ್ತೊಮ್ಮೆ ನೀವೇ ಓದಿ. ಮಾಜ್ದಾ ಬಗ್ಗೆ ಬರೆದದ್ದು ಒಂದೇ ಸಾಲು: ಒಳ್ಳೆಯ ಕಾರು, ತೊಂದರೆ ಕೊಡುವುದಿಲ್ಲ. ಎಂಜಿಬಿ ಬಗ್ಗೆಯಂತೂ ಅದರ ವರ್ಷವೊಂದನ್ನು ಬಿಟ್ಟು ಏನನ್ನೂ ಬರೆದಿಲ್ಲ. ಮನಸ್ಸು ಬಿಚ್ಚಿ ಬರೆದದ್ದೆಲ್ಲ ಆ ಭಾನುವಾರದ ಬೆಳಗುಗಳ ಬಗ್ಗೆ. ಹೀಗಾಗಿ, ಎರಡು ಕಾರುಗಳನ್ನು ಹೋಲಿಸುತ್ತಾ ಕೂತಷ್ಟೂ ನಿಮಗೆ ಉತ್ತರ ಸಿಗುವುದಿಲ್ಲ. ಜಾಹೀರಾತಿನಲ್ಲಿ ಬೆಲೆ ಇರುತ್ತದೆ, ಓಡಿದ ಮೈಲಿ ಇರುತ್ತದೆ. ನೀವು ಹುಡುಕುತ್ತಿರುವುದು ಅಲ್ಲಿ ಇರುವುದಿಲ್ಲ.

ಆ ದಿನಗಳಲ್ಲಿ ನಿಮಗೆ ಸಿಕ್ಕಿದ್ದೊಂದು, ಸಿಗದಿದ್ದದ್ದು ಇನ್ನೊಂದು. ಅಪ್ಪನ ಪಕ್ಕದಲ್ಲಿ ಕೂತು ಕೈಯಾರೆ ಕಡ್ಡಿ ಒರೆಸುವ ಸುಖ ಸಿಕ್ಕಿತ್ತು. ಒಳಗೆ ಕೂತು ಸ್ಟೀರಿಂಗ್ ಹಿಡಿಯುವ ಸುಖ ಸಿಕ್ಕಿರಲಿಲ್ಲ. ಈಗ ಮನಸ್ಸು ಕೇಳುತ್ತಿರುವುದು ಇವೆರಡರಲ್ಲಿ ಯಾವುದನ್ನು? ಸಿಕ್ಕಿದ್ದನ್ನು ಮತ್ತೆ ಪಡೆಯಬೇಕೋ, ಸಿಗದಿದ್ದದ್ದನ್ನು ಮೊದಲ ಸಲ ಪಡೆಯಬೇಕೋ? ಎರಡೂ ನ್ಯಾಯವಾದ ಆಸೆಗಳೇ. ಆದರೆ ಅವು ಬೇರೆ ಬೇರೆ, ಅವಕ್ಕೆ ಒಗ್ಗುವ ಕಾರುಗಳೂ ಬೇರೆ.

ಹಳೆಯ ಕಾರು ಕೈ ಕೇಳುತ್ತದೆ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಯಿತು. ಟಾಪು ಮಡಚುವುದು, ಗಟ್ಟಿ ಟಾಪಿನ ಜಿಟಿ ಎರಡೂ ಸೇರಿ ಐದು ಲಕ್ಷಕ್ಕೂ ಹೆಚ್ಚು. ಅಷ್ಟು ಸಂಖ್ಯೆಯಲ್ಲಿ ಬಂದದ್ದರಿಂದಲೇ ಇಂದಿಗೂ ಅದರ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಬಾಡಿಯನ್ನೇ ಹೊಸದಾಗಿ ಮಾಡಿಕೊಡುವವರೂ ಇದ್ದಾರೆ. 1798 ಸಿಸಿಯ ಸರಳ ಎಂಜಿನ್, ಎರಡು ಕಾರ್ಬುರೇಟರ್. ಬಾನೆಟ್ ಎತ್ತಿದರೆ ಯಾವುದು ಏನೆಂದು ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರ್ ಹಿಡಿಯಲು ಬಂದರೆ ಬಹಳಷ್ಟನ್ನು ಮನೆಯ ಮುಂದೆಯೇ ಮಾಡಿಕೊಳ್ಳಬಹುದು. ಆದರೆ ಮಾಡಿಕೊಳ್ಳಲೇಬೇಕು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಕಾಯಬೇಕು. ಮಳೆಗೆ ಟಾಪಿನ ಸಂದಿಯಲ್ಲಿ ನೀರು ಇಳಿದೀತು. ಬಾಗಿಲ ಕೆಳಗಿನ ಸಿಲ್‌ಗಳಲ್ಲಿ ತುಕ್ಕು ಒಳಗಿಂದೊಳಗೇ ತಿನ್ನುತ್ತದೆ. ಮೇಲೆ ಹೊಸ ಬಣ್ಣ ಹೊಡೆದು ಅದನ್ನು ಮರೆಮಾಚಿ ಮಾರುವವರೂ ಇದ್ದಾರೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇದನ್ನು ನಾನು ಮೆತ್ತಗೆ ಹೇಳಲಾರೆ, ಅಪಘಾತವಾದರೆ ಐವತ್ತು ವರ್ಷದ ಕಾರು ಈಗಿನ ಕಾರಿನಂತೆ ನಿಮ್ಮನ್ನು ಕಾಯುವುದಿಲ್ಲ.

ಮಾಜ್ದಾ ಎಂಎಕ್ಸ್-5 ಕೂತ ಕೂಡಲೇ ಹೊರಡುವ ಕಾರು. ಅದರ ಹುಟ್ಟಿನ ಕಥೆ ನಿಮಗೆ ಗೊತ್ತಿದ್ದರೂ ಒಮ್ಮೆ ನೆನಪಿಸುತ್ತೇನೆ, ಏಕೆಂದರೆ ನಿಮ್ಮ ಸಂಕಟಕ್ಕೆ ಅದರಲ್ಲಿ ಸ್ವಲ್ಪ ಸಮಾಧಾನವಿದೆ. ಎಂಜಿಯಂಥ ಪುಟ್ಟ, ಹಗುರ, ತೆರೆದ ಬ್ರಿಟಿಷ್ ಕಾರುಗಳ ಕಾಲ ಮುಗಿಯುತ್ತಾ ಬಂದಾಗ, ಅವುಗಳ ಮೋಹ ಬಿಡದಿದ್ದ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಅಂಥದ್ದೊಂದು ಕಾರನ್ನು ನೀವು ಮಾಡಿ ಎಂದು ಮಾಜ್ದಾದವರಿಗೆ ಸೂಚಿಸಿದರು. ಮುಂದೆ ತಾವೂ ಆ ಕಂಪನಿಯನ್ನು ಸೇರಿ ಆ ಕೆಲಸದಲ್ಲಿ ಪಾಲ್ಗೊಂಡರು. 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೋ ಷೋದಲ್ಲಿ ಕಾರು ಜನರ ಮುಂದೆ ಬಂತು. ತಯಾರಾದ ಕಾರುಗಳ ಸಂಖ್ಯೆ 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ಅಂದರೆ ನೀವು ಯಾವ ಕಾರನ್ನು ಹಳೆಯದರ ಎದುರಾಳಿ ಎಂದುಕೊಂಡಿದ್ದೀರೋ ಅದು ಹಳೆಯದರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಹೊಸದನ್ನು ಆರಿಸಿಕೊಂಡರೆ ಅಪ್ಪನ ನೆನಪಿಗೆ ಬೆನ್ನು ತಿರುಗಿಸಿದಂತೆ ಎಂಬ ಭಾವನೆ ಎಲ್ಲಾದರೂ ಮೂಲೆಯಲ್ಲಿದ್ದರೆ, ಅದನ್ನು ಬಿಡಬಹುದು.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಎಂಜಿಬಿ ತಂದು ಮನೆ ಮುಂದೆ ನಿಲ್ಲಿಸಿದರೂ ಆ ಭಾನುವಾರ ಮರಳಿ ಬರುವುದಿಲ್ಲ. ಕೊಂಡ ಮೊದಲ ವಾರ ಸಂಭ್ರಮವಿದ್ದು, ನಂತರ ಒಂದು ದಿನ ಬಟ್ಟೆ ಹಿಡಿದು ಒರೆಸುತ್ತಿರುವಾಗ ಪಕ್ಕದಲ್ಲಿ ಯಾರೂ ಇಲ್ಲ ಎನಿಸಿ ಅಳು ಬರಬಹುದು. ಬಂದರೆ ಬರಲಿ. ಅದು ಕಾರು ತಪ್ಪಾಗಿ ಆರಿಸಿದ್ದರ ಗುರುತಲ್ಲ. ಪರದೇಶದಲ್ಲಿ ಬಾಳಿ, ಊರಿನ ಸಾವುಗಳನ್ನು ಫೋನಿನಲ್ಲಿ ಕೇಳಿ, ರಜೆ ಹೊಂದಿಸಿ ಓಡಿ ಹೋಗಿ ಬಂದವರಿಗೆ ಸರಿಯಾಗಿ ದುಃಖಿಸಲು ಹೊತ್ತೇ ಸಿಕ್ಕಿರುವುದಿಲ್ಲ. ನಿಮ್ಮದೂ ಹಾಗೆಯೇ ಆಗಿತ್ತೋ ಏನೋ, ಪತ್ರದಲ್ಲಿ ಇಲ್ಲ. ಆಗಿದ್ದರೆ ಆ ದುಃಖಕ್ಕೆ ಅದರದೇ ಜಾಗ ಕೊಡಿ. ತಮ್ಮನಿಗೆ ಫೋನು ಮಾಡಿ ಅಪ್ಪನ ಬಗ್ಗೆ ಮಾತಾಡಿ. ಆ ಕೆಂಪು ಕಾರು ಅವರಿಗೂ ನೆನಪಿದ್ದೀತು.

ತಮ್ಮನ ವಿಷಯ ಬಂತು. ಅವರ ಮನೆಯ ಮಾಡನ್ನೂ ನಿಮ್ಮ ಕಾರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕಾರು ಕೊಳ್ಳದೆ ಇದ್ದ ಮಾತ್ರಕ್ಕೆ ಅವರ ಮಾಡು ದುರಸ್ತಿಯಾಗುವುದಿಲ್ಲ, ನೀವು ದುಡ್ಡು ಕಳಿಸಿದರೆ ಆಗುತ್ತದೆ. ನಿಮ್ಮ ಕೈಲಿ ಎಷ್ಟಾಗುತ್ತದೆ ಎಂದು ಹೆಂಡತಿಯ ಜೊತೆ ಕೂತು ತೀರ್ಮಾನಿಸಿ, ಮಳೆಗಾಲಕ್ಕೆ ಮುಂಚೆ ಕಳಿಸಿಬಿಡಿ. ಕಾರಿನ ಪ್ರಾಯಶ್ಚಿತ್ತವೆಂದು ಕಳಿಸಬೇಡಿ, ಅಣ್ಣನಾಗಿ ಕಳಿಸಿ. ಆಮೇಲೆ ಉಳಿದ ಹಣ ನಿಮ್ಮದು. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಹೆಂಡತಿಯ ಮಾತನ್ನು ನೀವು ವಿರೋಧವೆಂದು ತಿಳಿದಂತಿದೆ. ನನಗೆ ಅದರಲ್ಲಿ ದಣಿವು ಕೇಳಿಸಿತು. ಒಂದು ವರ್ಷದಿಂದ ಮನೆಯ ಒಬ್ಬರು ಎರಡು ಗಂಟೆಯವರೆಗೆ ಪರದೆ ನೋಡುತ್ತಾ ಕೂತರೆ ಇನ್ನೊಬ್ಬರ ನಿದ್ದೆಯೂ ಕೆಡುತ್ತದೆ. ಅವರಿಗೆ ಭಾನುವಾರದ ಕಥೆ ಗೊತ್ತೇ? ನನಗೆ ಬರೆದಷ್ಟು ಅವರಿಗೆ ಹೇಳಿದ್ದೀರಾ? ಹೇಳಿ. ಹೇಳಿದ ಮೇಲೆ ಅವರನ್ನೂ ಒಂದು ಮಾತು ಕೇಳಿ: ಈ ಇಪ್ಪತ್ತೈದು ವರ್ಷದಲ್ಲಿ ಸಂಸಾರಕ್ಕಾಗಿ ಅವರು ಮುಂದೂಡುತ್ತಾ ಬಂದ ಆಸೆ ಯಾವುದು? ಅವರದು ಕಾರಿನಷ್ಟು ದುಬಾರಿಯದ್ದೇ ಇರಬಹುದು, ಬರೀ ಒಂದು ತಿಂಗಳು ತವರಿನಲ್ಲಿದ್ದು ಬರುವುದೇ ಇರಬಹುದು. ಮನೆಯಲ್ಲಿ ಒಬ್ಬರ ಆಸೆ ಮಾತ್ರ ಈಡೇರುವಾಗ ಹುಟ್ಟುವ ಇರುಸುಮುರುಸು ಇಬ್ಬರದೂ ಮಾತಿಗೆ ಬಂದಾಗ ಕಡಿಮೆಯಾಗುತ್ತದೆ. ಈ ಅಂಕಣಕ್ಕೆ ಬರುವ ಗಂಡಸರ ಪತ್ರಗಳಲ್ಲಿ ಈ ಪ್ರಶ್ನೆ ಕೇಳಿದವರು ತುಂಬ ಕಡಿಮೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ನಡೆಯಬೇಕಾದ ಕೆಲಸ. ಇವತ್ತು ರಾತ್ರಿಯಿಂದ ಜಾಹೀರಾತು ನೋಡುವುದು ಬೇಡ. ನೋಡಲೇಬೇಕೆನಿಸಿದರೆ ಶನಿವಾರ ಹಗಲು ಹೊತ್ತು ಒಂದು ಗಂಟೆ, ಹೆಂಡತಿ ಎದುರಿಗಿರುವಾಗ. ಹಳೇ ಕಾರುಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಇಂಗ್ಲೆಂಡಿನಲ್ಲಿದ್ದಾರೆ. ಎಂಜಿಬಿ ಒಂದನ್ನು ಎರಡು ದಿನಕ್ಕೆ ತೆಗೆದುಕೊಳ್ಳಿ. ಬಿಸಿಲಿನ ದಿನವನ್ನೇ ಆರಿಸಬೇಡಿ, ಮಳೆ ಬರುವ ಲಕ್ಷಣವಿದ್ದರೂ ಹೊರಡಿ. ಪಟ್ಟಣದ ದಟ್ಟಣೆಯಲ್ಲಿ, ಹಳ್ಳಿ ದಾರಿಯಲ್ಲಿ, ಸ್ವಲ್ಪ ದೂರ ಮೋಟರ್‌ವೇಯಲ್ಲಿ ಓಡಿಸಿ. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ತೋಳು ಏನನ್ನುತ್ತದೆ ನೋಡಿಕೊಳ್ಳಿ. ಇನ್ನೊಂದು ವಾರ ಮಾಜ್ದಾವನ್ನೂ ಹಾಗೆಯೇ ಓಡಿಸಿ. ಎರಡು ಸಲವೂ ಪಕ್ಕದ ಸೀಟಿನಲ್ಲಿ ಹೆಂಡತಿ ಇರಲಿ. ಆ ಸೀಟಿನಲ್ಲಿ ಮುಂದೆ ಕೂರಬೇಕಾದವರು ಅವರೇ.

ಅಷ್ಟಾದ ಮೇಲೂ ಎಂಜಿಬಿಯೇ ಎಂದಾದರೆ, ಮಾರುವವರ ಮಾತು ಕೇಳಿ ಕೊಳ್ಳಬೇಡಿ. 1930ರಲ್ಲಿ ಶುರುವಾದ ಎಂಜಿ ಕಾರ್ ಕ್ಲಬ್ ಇವತ್ತಿಗೂ ಇದೆ. ಅಂಥ ಕಡೆ ಸೇರಿ, ಹಳಬರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಾರನ್ನು ಎತ್ತಿ ತಳ ತೋರಿಸಲು ಹೇಳಿ. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ಕಾರಿಗೆ ರಸ್ತೆ ತೆರಿಗೆಯೂ ಎಂಒಟಿ ತಪಾಸಣೆಯೂ ಇಲ್ಲ. ತೆರಿಗೆ ಉಳಿದದ್ದು ಸಂತೋಷ. ತಪಾಸಣೆಯನ್ನು ಮಾತ್ರ ನೀವಾಗಿಯೇ ವರ್ಷಕ್ಕೊಮ್ಮೆ ಮಾಡಿಸಿ, ಬ್ರೇಕು ನೋಡುವವರು ಯಾರಾದರೂ ಬೇಕಲ್ಲ. 2021ರಿಂದ ಬಂಕುಗಳಲ್ಲಿ ಸಾಮಾನ್ಯವಾದ ಇ10 ಪೆಟ್ರೋಲಿನ ಎಥನಾಲ್ ಹಳೇ ಕಾರಿನ ರಬ್ಬರ್ ಪೈಪುಗಳಿಗೆ ಹಿಡಿಸುವುದಿಲ್ಲ, ಆದ್ದರಿಂದ ಇ5 ಹಾಕಿಸಿ. ಇದಕ್ಕೆಲ್ಲ ಎತ್ತಿಟ್ಟ ಹಣದಲ್ಲೇ ಒಂದು ಪಾಲನ್ನು ಮುಟ್ಟದೆ ಉಳಿಸಿಕೊಳ್ಳಿ. ಇದ್ದ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿದವರಿಗೆ ಮೊದಲ ರಿಪೇರಿಯಲ್ಲೇ ಕಾರಿನ ಮೇಲೆ ಸಿಟ್ಟು ಬರುತ್ತದೆ.

ನೀವು ಕೇಳದಿದ್ದರೂ ನನ್ನ ಅನಿಸಿಕೆ ಹೇಳುತ್ತೇನೆ. ಒರೆಸುವುದು, ಬಿಚ್ಚುವುದು, ಜೋಡಿಸುವುದು ನಿಮಗೆ ಇಂದಿಗೂ ಇಷ್ಟವಿದ್ದು, ಅದಕ್ಕೆ ವಾರದಲ್ಲಿ ಅರ್ಧ ದಿನ ಸಿಗುವುದಾದರೆ ಹಳೆಯದು ನಿಮ್ಮ ಕೈಯಲ್ಲಿ ಸುಖವಾಗಿರುತ್ತದೆ. ಅರ್ಧ ದಿನ ಸಿಗುವುದಿಲ್ಲ, ನಿವೃತ್ತಿಗೆ ಇನ್ನೂ ವರ್ಷಗಳಿವೆ ಎಂದಾದರೆ ಈಗ ಮಾಜ್ದಾ ಕೊಳ್ಳಿ, ಮನಸಾರೆ ಓಡಿಸಿ. ನಿವೃತ್ತಿಯ ಹೊತ್ತಿಗೂ ಆ ಆಸೆ ಉಳಿದಿದ್ದರೆ ಎಂಜಿಬಿಗಳು ಅಲ್ಲೇ ಇರುತ್ತವೆ. ಈ ತೀರ್ಮಾನ ಜೀವನಕ್ಕೊಂದೇ ಸಲ ಮಾಡುವಂಥದ್ದಲ್ಲ. ಕಾರನ್ನು ಮಾರಬಹುದು. ಒಂದು ದಿನಾಂಕ ಗೊತ್ತುಮಾಡಿ. ಅದರೊಳಗೆ ಇದು, ಅದು, ಅಥವಾ ಎರಡೂ ಬೇಡ, ಇವುಗಳಲ್ಲಿ ಒಂದನ್ನು ಹೇಳಿಬಿಡಿ. ಎರಡೂ ಬೇಡ ಎಂಬುದೂ ಪೂರ್ಣ ಉತ್ತರವೇ.

ಇದೇ ಗೊಂದಲದಲ್ಲಿ ಊರಲ್ಲಿ ಕೂತು ಓದುತ್ತಿರುವವರಿಗೊಂದು ಮಾತು. ತಾತನ ಕಾಲದ ಕಾರು ಕೊಟ್ಟಿಗೆಯಲ್ಲಿದೆ, ಅದನ್ನು ಎಬ್ಬಿಸಲೋ ಹೊಸದು ತರಲೋ ಎನ್ನುವವರು ನಿಯಮವನ್ನೂ ನೋಡಿಕೊಳ್ಳಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಂಥವಕ್ಕೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನಾ ಓಡಿಸುವ ಆಸೆಯಿಂದ ಲಕ್ಷಗಟ್ಟಲೆ ಸುರಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಸಾಲ ಮಾಡಿ ಹಳೇ ಕಾರು ಕೊಳ್ಳುವ ಯೋಚನೆಯಿದ್ದರೆ ಸದ್ಯಕ್ಕೆ ಬೇಡ ಎಂದೇ ನನ್ನ ಸಲಹೆ.

ಕೊನೆಗೆ ನಿಮ್ಮ ನಿದ್ದೆ. ಪರದೆ ದೂರವಿಟ್ಟು ಎರಡು ವಾರವಾದರೂ ರಾತ್ರಿ ಎಚ್ಚರವೇ ಇದ್ದರೆ, ಊಟ, ಕೆಲಸ, ಮಾತುಕತೆ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ನಿಮ್ಮ ಜಿಪಿ ವೈದ್ಯರನ್ನು ಕಾಣಿ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಸೇವೆಗೆ ವೈದ್ಯರ ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. ಕಾರಿನಿಂದ ಶುರುವಾಯಿತು ಎಂದು ಅವರ ಮುಂದೆ ಹೇಳಲು ಸಂಕೋಚ ಬೇಡ, ಅಪ್ಪನಿಂದಲೇ ಶುರುಮಾಡಿ ಹೇಳಿ. ಭಾರತದಲ್ಲಿರುವ ಓದುಗರು ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.