ವ್ಯಾನಿಗೆ ಸಣ್ಣ ಎಂಜಿನ್ ಹಾಕಿಸೋಣವೇ?

ಹಾರನಹಳ್ಳಿ ನಮ್ಮೂರು. ಅರಸೀಕೆರೆಗೆ ಹತ್ತಿರ. ಹೊಯ್ಸಳರ ಕಾಲದ ಗುಡಿಗಳಿವೆ. ಸುತ್ತಲೂ ತೆಂಗಿನ ತೋಟಗಳಿವೆ.

ನಾವು ಹೆಂಗಸರು ಸೇರಿ ಸಂಘ ಮಾಡಿಕೊಂಡಿದ್ದೇವೆ. ಸಂಘಕ್ಕೆ ಒಂದು ಹಳೆಯ ವ್ಯಾನಿದೆ. ಅದು ಕಾಯಿ, ಕೊಬ್ಬರಿ ಹೇರಿಕೊಂಡು ಅರಸೀಕೆರೆ ಮಾರುಕಟ್ಟೆಗೆ ಹೋಗುತ್ತದೆ. ಬಾಡಿಗೆ ಬರುತ್ತದೆ. ಆದರೆ ಕೈಯಲ್ಲಿ ನಿಲ್ಲೋದಿಲ್ಲ. ಡೀಸೆಲ್ಲಿಗೇ ಹೋಗುತ್ತದೆ.

ಒಂದು ದಿನ ಮೆಕ್ಯಾನಿಕ್ ಹೇಳಿದ:

“ಅಕ್ಕಾ, ಈ ಎಂಜಿನ್ ತೆಗೆದು ಸಣ್ಣದು ಹಾಕಿಸಿ. 90,000 ರೂಪಾಯಿ ಆಗುತ್ತೆ. ಈಗ ಲೀಟರಿಗೆ 10 ಕಿ.ಮೀ. ಓಡುತ್ತೆ. ಆಮೇಲೆ 12 ಓಡುತ್ತೆ.”

ಸಂಘದ ಉಳಿತಾಯ ಇದ್ದದ್ದೇ ಅಷ್ಟು. ಕಾಯಿಲೆಗೂ ಅದೇ ಹಣ. ಮಕ್ಕಳ ಫೀಸಿಗೂ ಅದೇ ಹಣ. ಕೊಡೋಣವೇ, ಬೇಡವೇ?

ರಾತ್ರಿ ಎಲ್ಲರೂ ಕೂತೆವು. ಈಗ ನಮಗೂ ಲೆಕ್ಕ ಬರುತ್ತದೆ. ಸ್ಲೇಟಿನ ಮೇಲೆ ಬರೆದೆವು. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದೆವು.

ದಿನದ ಓಡಾಟ: 60 ಕಿ.ಮೀ.
ಈಗಿನ ಎಂಜಿನ್: 60 ÷ 10 = 6 ಲೀಟರ್
ಸಣ್ಣ ಎಂಜಿನ್: 60 ÷ 12 = 5 ಲೀಟರ್
ದಿನಕ್ಕೆ ಉಳಿಯುವುದು: 1 ಲೀಟರ್, ಅಂದರೆ 90 ರೂಪಾಯಿ
ತಿಂಗಳಲ್ಲಿ 25 ದಿನ ಓಡಿದರೆ: 25 × 90 = 2,250 ರೂಪಾಯಿ
ಹಾಕಿದ ಹಣ ವಾಪಸು ಬರಲು: 90,000 ÷ 2,250 = 40 ತಿಂಗಳು

ಮೂರು ವರ್ಷ ನಾಲ್ಕು ತಿಂಗಳು! ಅಲ್ಲಿಯವರೆಗೆ ಈ ಹಳೇ ವ್ಯಾನು ಬಾಳುತ್ತದೆಯೇ?

ನಮ್ಮ ದೊಡ್ಡಮ್ಮ ಇನ್ನೊಂದು ಮಾತು ಕೇಳಿದರು:

“ದೊಡ್ಡ ಗಾಡಿಗೆ ಎಳೇ ಕರು ಕಟ್ಟಿದರೆ ಎಳೆದೀತೇನ್ರವ್ವಾ?”

ಮಾತು ನಿಜ. ಲೋಡು ತುಂಬಿದ ವ್ಯಾನು ದಿಬ್ಬ ಹತ್ತಬೇಕು. ಸಣ್ಣ ಎಂಜಿನ್ ತಿಣುಕುತ್ತದೆ. ಕೆಳಗಿನ ಗೇರಿನಲ್ಲೇ ಓಡಬೇಕಾಗುತ್ತದೆ. ಆಗ ಅಂದುಕೊಂಡಷ್ಟು ಡೀಸೆಲ್ ಉಳಿಯದು. ಎಂಜಿನ್ ಕೂಡ ಬೇಗ ಸವೆಯುತ್ತದೆ.

ಕಾನೂನೂ ಇದೆ. ಎಂಜಿನ್ ನಂಬರು ಆರ್.ಸಿ.ಯಲ್ಲಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ವಾಹನವನ್ನು ನಮ್ಮಿಷ್ಟದಂತೆ ಬದಲಿಸುವ ಹಾಗಿಲ್ಲ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಬೇಕು. ಕೇಳದೆ ಬದಲಿಸಿದರೆ ದಂಡ ಬೀಳಬಹುದು. ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ಎಂಜಿನ್ ಬದಲಿಸುವುದು ಬೇಡ ಎಂದು ತೀರ್ಮಾನಿಸಿದೆವು. ಇರುವುದನ್ನೇ ಸರಿ ಮಾಡಿಕೊಂಡೆವು.

• ಏರ್ ಫಿಲ್ಟರ್ ಬದಲಿಸಿದೆವು.
• ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದೆವು.
• ಅತಿಯಾಗಿ ಮೂಟೆ ಹೇರುವುದನ್ನು ಬಿಟ್ಟೆವು.
• ನಿಂತಾಗ ಎಂಜಿನ್ ಆರಿಸಲು ಡ್ರೈವರಿಗೆ ಹೇಳಿದೆವು.
• ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಲು ಹೇಳಿದೆವು.

ಮೊದಲು ತಿಂಗಳಿಗೆ 150 ಲೀಟರ್ ಬೇಕಿತ್ತು. ಈಗ 140 ಸಾಕು. 900 ರೂಪಾಯಿ ಉಳಿಯಿತು. ಸಂಘದ ಗಂಟೂ ಕರಗಲಿಲ್ಲ.

ಯಾರೇ ಹೇಳಲಿ, ಮೊದಲು ಲೆಕ್ಕ ಹಾಕೋಣ. ಆಮೇಲೆ ಹಣ ಬಿಚ್ಚೋಣ.

ಉತ್ತರ ಹೇಳಿ
1. ಮೆಕ್ಯಾನಿಕ್ ಏನು ಹೇಳಿದ?
2. ಎಂಜಿನ್ ಬದಲಿಸುವ ಮೊದಲು ಎಲ್ಲಿ ಕೇಳಬೇಕು?

ಲೆಕ್ಕ ಮಾಡಿ
ಎಂಜಿನ್ನಿಗೆ 60,000 ರೂಪಾಯಿ. ತಿಂಗಳಿಗೆ 2,000 ರೂಪಾಯಿ ಉಳಿತಾಯ. ಹಾಕಿದ ಹಣ ಎಷ್ಟು ತಿಂಗಳಲ್ಲಿ ವಾಪಸು ಬರುತ್ತದೆ?